ಸ್ಕೋರ್ ಚೆನ್ನಾಗಿದೆ, ಜೆಲ್ ಖಾಲಿ: ಜೆನೆಟಿಕ್ ಅಲ್ಗಾರಿದಮ್ ಕೊಟ್ಟ ಪ್ರೈಮರ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಕೋಲಾರದ ಸುತ್ತಮುತ್ತ ಬಿಸಿಲು ಏರಿತೆಂದರೆ ಟೊಮೆಟೊ ತೋಟಕ್ಕೆ ಬಿಳಿ ನೊಣ ಬರುತ್ತದೆ, ಅದರ ಬೆನ್ನಿಗೇ ಎಲೆ ಮುದುಡು ರೋಗ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ತೋಟಗಳಿಂದ ಎಲೆ ಕಿತ್ತು ತಂದು, ಪಿಸಿಆರ್ (ಡಿಎನ್ಎಯ ಒಂದು ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ, ವೈರಸ್ ಇದೆಯೋ ಇಲ್ಲವೋ ನೋಡುವುದು ಇಲ್ಲಿನ ಬಯೋಟೆಕ್ ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಗುವ ಪ್ರಾಜೆಕ್ಟ್. ಪ್ರೋಗ್ರಾಮಿಂಗ್ ಬರುವ ಗೆಳೆಯರು ಜೊತೆಗಿದ್ದರೆ ಪ್ರೈಮರನ್ನೂ ನಾವೇ ಡಿಸೈನ್ ಮಾಡೋಣ ಅನ್ನಿಸುತ್ತದೆ. ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್ಎ ತುಣುಕೇ ಪ್ರೈಮರ್; ಮುಮ್ಮುಖ ಒಂದು, ಹಿಮ್ಮುಖ ಒಂದು, ಹೀಗೆ ಜೋಡಿ ಬೇಕು. ಜೆನೆಟಿಕ್ ಅಲ್ಗಾರಿದಮ್ ಬರೆಯುತ್ತಾರೆ: ಹಲವು ಜೋಡಿಗಳಿಗೆ ಸ್ಕೋರ್ ಹಾಕಿ, ಒಳ್ಳೆಯವನ್ನು ಬೆರೆಸಿ, ಅಲ್ಲಲ್ಲಿ ಬದಲಿಸಿ, ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸುತ್ತಾ ಹೋಗುವ ಪ್ರೋಗ್ರಾಂ. ಪ್ರೋಗ್ರಾಂ ಓಡುತ್ತದೆ, ಸ್ಕೋರ್ ಏರುತ್ತದೆ, ಬೆಂಗಳೂರಿಗೆ ಆರ್ಡರ್ ಹೋಗುತ್ತದೆ, ಕೊರಿಯರ್‌ನಲ್ಲಿ ಪುಟ್ಟ ಟ್ಯೂಬ್‌ಗಳು ಬರುತ್ತವೆ. ನಕಲಾದ ತುಣುಕು ಉದ್ದದ ಪ್ರಕಾರ ಪಟ್ಟಿಯಾಗಿ (ಬ್ಯಾಂಡ್) ಕಾಣಬೇಕಾದ ಜೆಲ್ ಮೇಲೆ ಮಾತ್ರ ಏನೂ ಇಲ್ಲ. ಇಲ್ಲವೇ ಬೇಡದ್ದೆಲ್ಲಾ ಇದೆ.

ಆಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ಪೀಳಿಗೆಗಳ ಸಂಖ್ಯೆ 200 ಇದ್ದದ್ದನ್ನು 2,000 ಮಾಡಿ ಮತ್ತೆ ಓಡಿಸುತ್ತಾರೆ. ಇದರಿಂದ ಪ್ರಯೋಜನ ಆಗುವುದು ಕಡಿಮೆ. ತಪ್ಪು ಹುಡುಕಾಟದಲ್ಲೇ ಇದೆ ಎಂದು ಇನ್ನೂ ಗೊತ್ತಾಗಿಲ್ಲ, ಅಲ್ವಾ? ಅದು ಲ್ಯಾಬ್ ಟೇಬಲ್ ಮೇಲೆ ಇರಬಹುದು, ಸ್ಕೋರ್ ಲೆಕ್ಕದಲ್ಲಿ ಇರಬಹುದು, ಹುಡುಕಾಟದಲ್ಲೂ ಇರಬಹುದು. ಮೂರಕ್ಕೂ ಔಷಧಿ ಬೇರೆ ಬೇರೆ. ನಾನು ಕಂಡಂತೆ ಸ್ಕೋರ್ ಲೆಕ್ಕವೇ ಹೆಚ್ಚು ಸಲ ಸಿಕ್ಕಿಬೀಳುವ ಕಳ್ಳ. ಆದರೂ ಟೇಬಲ್‌ನಿಂದ ಶುರು ಮಾಡಿ. ಅದು ಬೇಗ ಮುಗಿಯುತ್ತದೆ.

ಟೇಬಲ್ ಮೇಲೆ ನೋಡುವುದು

ಟೊಮೆಟೊ ಗಿಡದ್ದೇ ಆದ ಯಾವುದಾದರೂ ಜೀನ್‌ಗೆ, ಆಕ್ಟಿನ್ ಆದರೂ ಸರಿ, ಈಗಾಗಲೇ ಕೆಲಸ ಮಾಡುವ ಪ್ರೈಮರ್ ಹಾಕಿ ಅದೇ ಡಿಎನ್ಎ ಮೇಲೆ ಪಿಸಿಆರ್ ಮಾಡಿ. ಅದೂ ಬರಲಿಲ್ಲ ಅಂದರೆ ನಿಮ್ಮ ಅಲ್ಗಾರಿದಮ್ ನಿರಪರಾಧಿ. ಎಲೆಯಿಂದ ತೆಗೆದ ಡಿಎನ್ಎ ಜೊತೆ ಪಾಲಿಫಿನಾಲ್, ಲೋಳೆಯಂಥ ಪಾಲಿಸ್ಯಾಕರೈಡ್ ಬಂದು ಕಿಣ್ವವನ್ನು ತಡೆಯುತ್ತವೆ. ಡಿಎನ್ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ. ತೆಳು ಮಾಡಿದಾಗ ಬ್ಯಾಂಡ್ ಬಂದರೆ ಉತ್ತರ ಸಿಕ್ಕಿತು.

ಹೊಸ ಪ್ರೈಮರ್ ಟ್ಯೂಬನ್ನು ತೆರೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ. ಒಣ ಪುಡಿ ಮುಚ್ಚಳಕ್ಕೆ ಅಂಟಿಕೊಂಡು ಹಾರಿಹೋಗುವುದುಂಟು. ಟ್ಯೂಬ್ ಮೇಲೆ 24.6 ನ್ಯಾನೊಮೋಲ್ ಎಂದಿದ್ದರೆ 246 ಮೈಕ್ರೊಲೀಟರ್ ಬಫರ್ ಹಾಕಿದಾಗ 100 ಮೈಕ್ರೊಮೋಲಾರ್ ಆಗುತ್ತದೆ, ಅಂದರೆ ನ್ಯಾನೊಮೋಲನ್ನು ಹತ್ತರಿಂದ ಗುಣಿಸಿದರೆ ಸಾಕು. ಅದನ್ನು 10 ಮೈಕ್ರೊಮೋಲಾರ್‌ಗೆ ಇಳಿಸಿ, 25 ಮೈಕ್ರೊಲೀಟರ್ ಮಿಶ್ರಣಕ್ಕೆ ಅರ್ಧ ಮೈಕ್ರೊಲೀಟರ್ ಹಾಕಿದರೆ 0.2 ಮೈಕ್ರೊಮೋಲಾರ್. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಕರೆಂಟ್ ವಿಷಯ ಹೇಳಲೇಬೇಕಿಲ್ಲ. ಪಿಸಿಆರ್ ಮೆಷಿನ್ ಯುಪಿಎಸ್ ಮೇಲಿದ್ದರೂ ಫ್ರಿಜ್ ಇರುವುದಿಲ್ಲ. ಕಿಣ್ವದ ಡಬ್ಬಿ ಎಷ್ಟು ಸಲ ಬೆಚ್ಚಗಾಗಿ ತಣ್ಣಗಾಗಿದೆಯೋ ಯಾರಿಗೆ ಗೊತ್ತು! ಆಕ್ಟಿನ್ ಬ್ಯಾಂಡ್ ಚೆನ್ನಾಗಿ ಬಂದರೆ ಈ ಅನುಮಾನವೂ ಹೋಗುತ್ತದೆ.

ಮುಖ್ಯ ಪರೀಕ್ಷೆ: ಗೊತ್ತಿರುವ ಪ್ರೈಮರ್‌ಗೆ ನಿಮ್ಮ ಸ್ಕೋರ್ ಎಷ್ಟು?

ಟೇಬಲ್ ಸರಿಯಿದ್ದರೆ ಕಂಪ್ಯೂಟರ್ ಕಡೆ ಬನ್ನಿ. ಏನನ್ನೂ ತಿದ್ದಬೇಡಿ. ಮೊದಲು ಇದೇ ಗುಂಪಿನ ವೈರಸ್‌ಗೆ ಈಗಾಗಲೇ ಕೆಲಸ ಮಾಡುವ, ಎಲ್ಲರೂ ಬಳಸುವ ಪ್ರೈಮರ್ ಜೋಡಿಯೊಂದನ್ನು ತೆಗೆದುಕೊಳ್ಳಿ. ಟೊಮೆಟೊ ಎಲೆ ಮುದುಡು ವೈರಸ್‌ಗಳು ಬೆಗೊಮೊವೈರಸ್ ಗುಂಪಿನವು. ಈ ಗುಂಪಿಗೆ 1994ರಲ್ಲಿ ಡೆಂಗ್ ಮತ್ತು ಸಂಗಡಿಗರು ಪ್ರಕಟಿಸಿದ 540, 541 ಎಂಬ ಜೋಡಿ ಇದೆ. ಸುಮಾರು 530 ಅಕ್ಷರದ (ಡಿಎನ್ಎಯ ಎ, ಟಿ, ಜಿ, ಸಿ) ತುಣುಕು ಬರುತ್ತದೆ. ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಕ್ಕೆ ಅವಕಾಶ ಇಟ್ಟಿರುವ ಡಿಜೆನರೇಟ್ ಪ್ರೈಮರ್ ಅದು. ಹಾಗಾಗಿ ಎಲ್ಲಾ ರೂಪಗಳನ್ನೂ ಬಿಡಿಸಿ ಬರೆದು, ಒಂದೊಂದಕ್ಕೂ ನಿಮ್ಮದೇ ಸ್ಕೋರ್ ಲೆಕ್ಕದಿಂದ, ಅಂದರೆ ಫಿಟ್‌ನೆಸ್ ಫಂಕ್ಷನ್‌ನಿಂದ, ಸ್ಕೋರ್ ಹಾಕಿ.

ಈಗ ನಿಮ್ಮ ಪ್ರೋಗ್ರಾಂ ಗೆಲ್ಲಿಸಿದ ಜೋಡಿಯ ಸ್ಕೋರ್ ಪಕ್ಕದಲ್ಲಿಡಿ. ಗೊತ್ತಿರುವ ಜೋಡಿಯ ಸ್ಕೋರ್ ನಿಮ್ಮದಕ್ಕಿಂತ ಚೆನ್ನಾಗಿದ್ದರೆ ತಪ್ಪು ಹುಡುಕಾಟದಲ್ಲಿದೆ: ಒಳ್ಳೆಯದು ಕಣ್ಣೆದುರೇ ಇತ್ತು, ಪ್ರೋಗ್ರಾಂ ಅಲ್ಲಿಗೆ ಹೋಗಲಿಲ್ಲ. ಸ್ಕೋರ್ ತೀರಾ ಕೆಟ್ಟದಾಗಿ ಬಂದರೆ ತಪ್ಪು ಲೆಕ್ಕದಲ್ಲಿದೆ. ಲ್ಯಾಬ್‌ನಲ್ಲಿ ಗೆಲ್ಲುವುದನ್ನು ನಿಮ್ಮ ಲೆಕ್ಕ ಸೋಲಿಸುತ್ತಿದೆ. ಅದರ ಸ್ಕೋರೂ ಸುಮಾರಾಗಿ ಚೆನ್ನಾಗಿದ್ದು, ನಿಮ್ಮದು ಇನ್ನೂ ಚೆನ್ನಾಗಿದ್ದೂ ಕೆಲಸ ಮಾಡದಿದ್ದರೆ, ಲೆಕ್ಕದಲ್ಲಿ ಯಾವುದೋ ಒಂದು ಅಂಶ ಬಿಟ್ಟುಹೋಗಿದೆ.

ಇನ್ನೂ ಒಂದು ಆಗಬಹುದು. ಆ ಪ್ರೈಮರ್ ನಿಮ್ಮ ಜೀನೋಮ್ ಫೈಲ್‌ನಲ್ಲಿ ಸಿಗುವುದೇ ಇಲ್ಲ! ಇದು ಬಹಳ ಸ್ವಾರಸ್ಯದ ದೋಷ. ಅದನ್ನೇ ಮೊದಲು ನೋಡೋಣ.

ಉಂಗುರವನ್ನು ದಾರ ಅಂದುಕೊಂಡರೆ

ಬೆಗೊಮೊವೈರಸ್‌ನ ಡಿಎನ್ಎ-ಎ (ಅದರ ಜೀನೋಮ್‌ನ ಮುಖ್ಯ ಭಾಗ) ಸುಮಾರು 2,700 ಅಕ್ಷರದ ಉಂಗುರ. ಫೈಲ್‌ನಲ್ಲಿ ಮಾತ್ರ ಅದು ಕತ್ತರಿಸಿ ಉದ್ದಕ್ಕೆ ಬರೆದ ಸಾಲು. ಎಲ್ಲಿ ಕತ್ತರಿಸುತ್ತಾರೆ? ಟಿ-ಎ-ಎ-ಟಿ-ಎ-ಟಿ-ಟಿ-ಎ-ಸಿ ಎಂಬ ಒಂಬತ್ತು ಅಕ್ಷರದ ಗುರುತು ಈ ವೈರಸ್‌ಗಳಲ್ಲೆಲ್ಲಾ ಇದೆ. ನಕಲು ಶುರುವಾಗುವುದು ಅಲ್ಲಿಂದಲೇ. ಅದರ ಏಳನೇ ಮತ್ತು ಎಂಟನೇ ಅಕ್ಷರದ ನಡುವೆ ಎಳೆ ಕಡಿಯುತ್ತದೆ, ಎಣಿಕೆಯೂ ಅಲ್ಲಿಂದ ಶುರು. ಅಂದರೆ ಫೈಲ್ ಎ-ಸಿ ಎಂದು ಆರಂಭವಾಗಿ ಟಿ-ಎ-ಎ-ಟಿ-ಎ-ಟಿ-ಟಿ ಎಂದು ಮುಗಿಯುತ್ತದೆ. ಪ್ರೈಮರ್‌ಗೆ ಹೇಳಿ ಮಾಡಿಸಿದಂಥ, ಎಲ್ಲಾ ತಳಿಯಲ್ಲೂ ಬದಲಾಗದ ಜಾಗ ಸರಿಯಾಗಿ ಫೈಲ್‌ನ ಎರಡು ತುದಿಗೆ ಹರಿದುಹೋಗಿದೆ. ಡೆಂಗ್ 541 ಶುರುವಾಗುವುದೇ ಈ ಗುರುತಿನಿಂದ. ಸಾಲನ್ನು ಸಾಲಾಗಿಯೇ ಓದುವ ಪ್ರೋಗ್ರಾಂ ಎಷ್ಟು ಸಾವಿರ ಪೀಳಿಗೆ ಓಡಿದರೂ ಅದನ್ನು ಕಾಣುವುದಿಲ್ಲ.

ಪೈಥಾನ್‌ನಲ್ಲಿ ಇದರ ಇನ್ನೊಂದು ಮುಖವೂ ಇದೆ. 2,760 ಅಕ್ಷರದ ಸಾಲಿನಲ್ಲಿ 2,750ರಿಂದ 2,770ರವರೆಗೆ ಕೊಡು ಅಂದರೆ ಪೈಥಾನ್ ದೂರು ಹೇಳುವುದಿಲ್ಲ, ಸುಮ್ನೆ 10 ಅಕ್ಷರ ಕೊಡುತ್ತದೆ. ಮೈನಸ್ 5ರಿಂದ 15ರವರೆಗೆ ಅಂದರೆ ಖಾಲಿ ಸಾಲು ಕೊಡುತ್ತದೆ. ಖಾಲಿ ಪ್ರೈಮರ್‌ಗೆ ಹೇರ್‌ಪಿನ್ (ತನ್ನ ಮೇಲೇ ಮಡಚಿಕೊಳ್ಳುವುದು) ಇಲ್ಲ, ಡೈಮರ್ (ಪ್ರೈಮರ್‌ಗೆ ಪ್ರೈಮರ್ ಅಂಟುವುದು) ಇಲ್ಲ, ಒಂದೇ ಅಕ್ಷರ ಸಾಲಾಗಿ ಬರುವ ದೋಷವೂ ಇಲ್ಲ. ಉದ್ದವನ್ನು ಬೇರೆಯಾಗಿ ಪರೀಕ್ಷಿಸದಿದ್ದರೆ ಅದೇ ಊರಿಗೆಲ್ಲಾ ಒಳ್ಳೆಯವನಾಗಿ ಗೆದ್ದುಬರುತ್ತದೆ.

ಪರಿಹಾರ ಒಂದೇ ಸಾಲಿನದು. ಜೀನೋಮ್‌ನ ಮೊದಲ 1,000 ಅಕ್ಷರವನ್ನು ಅದರ ಬಾಲಕ್ಕೆ ಮತ್ತೆ ಅಂಟಿಸಿ. ಪ್ರೈಮರ್ ಶುರುವಾಗುವ ಜಾಗವನ್ನು ಜೀನೋಮ್‌ನ ಮೂಲ ಉದ್ದದಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. ಜೊತೆಗೆ ಹಿಮ್ಮುಖ ಪ್ರೈಮರ್ ನಿಜವಾಗಿಯೂ ತಿರುಗಿಸಿ, ಜೋಡಿ ಅಕ್ಷರಕ್ಕೆ ಬದಲಿಸಿ ಬರೆದದ್ದೇ ಎಂದು ಕಣ್ಣಾರೆ ನೋಡಿ. ತಿರುಗಿಸುವುದು ಮಾತ್ರ ಮಾಡಿ, ಅಕ್ಷರ ಬದಲಿಸುವುದನ್ನು ಬಿಟ್ಟ ಪ್ರೋಗ್ರಾಂಗಳನ್ನು ನೋಡಿದ್ದೇನೆ. ಸ್ಕೋರ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಜಿ ಮತ್ತು ಸಿ ಒಟ್ಟು ಎಣಿಕೆ ಎರಡರಲ್ಲೂ ಒಂದೇ.

ಮೈನಸ್ ಚಿಹ್ನೆಯ ಆಟ

ಜೆಲ್‌ನ ಕೆಳತುದಿಯಲ್ಲಿ, 100 ಅಕ್ಷರದ ಗುರುತಿಗಿಂತ ಕೆಳಗೆ, ಮಸುಕಾದ ದಪ್ಪ ಪಟ್ಟಿ ಇದೆಯಾ? ಡಿಎನ್ಎ ಹಾಕದೆ ಬರೀ ನೀರು ಹಾಕಿದ ಕಂಟ್ರೋಲ್‌ನಲ್ಲೂ ಅದೇ ಇದೆಯಾ? ಹಾಗಾದರೆ ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಂಡು ತಮ್ಮನ್ನೇ ನಕಲು ಮಾಡುತ್ತಿವೆ. "ಡೈಮರ್ ಇದ್ದರೆ ದಂಡ ಹಾಕಿದ್ದೇವಲ್ಲ ಸಾರ್" ಎನ್ನುತ್ತಾರೆ. ದಂಡ ಹಾಕಿದ್ದೀರೋ, ಬಹುಮಾನ ಕೊಟ್ಟಿದ್ದೀರೋ ನೋಡಿ.

ಎರಡು ಎಳೆ ಎಷ್ಟು ಗಟ್ಟಿಯಾಗಿ ಅಂಟುತ್ತವೆ ಎನ್ನುವುದನ್ನು ಡೆಲ್ಟಾ ಜಿ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಅಂಟು ಗಟ್ಟಿಯಾದಷ್ಟೂ ಅದು ಹೆಚ್ಚು ಮೈನಸ್. ಮೈನಸ್ 2 ಕಿಲೋಕ್ಯಾಲರಿ ಅಂದರೆ ಸಡಿಲ, ಮೈನಸ್ 9 ಅಂದರೆ ಬಿಡಿಸಲು ಕಷ್ಟ. ಈಗ ಒಟ್ಟು ದಂಡ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಬರೆದ ಪ್ರೋಗ್ರಾಂ ಇದನ್ನು ಹಾಗೇ ಕೂಡಿಸಿತು ಅನ್ನಿ. ಮೊದಲ ಜೋಡಿಯ ಎರಡು ಪ್ರೈಮರ್‌ಗಳ ತಾಪಮಾನದ (ಅಂಟಿದ ಎಳೆ ಬಿಟ್ಟುಕೊಳ್ಳುವ ತಾಪಮಾನ) ವ್ಯತ್ಯಾಸ 3, ಡೆಲ್ಟಾ ಜಿ ಮೈನಸ್ 2, ಒಟ್ಟು 1. ಎರಡನೇ ಜೋಡಿಗೆ ವ್ಯತ್ಯಾಸ 4, ಡೆಲ್ಟಾ ಜಿ ಮೈನಸ್ 9, ಒಟ್ಟು ಮೈನಸ್ 5. ಗೆದ್ದದ್ದು ಎರಡನೆಯದು. ಎರಡರಲ್ಲೂ ಕೆಟ್ಟದ್ದು ಅದೇ! ಚಿಹ್ನೆ ತೆಗೆದು ಕೂಡಿಸಿದರೆ 5 ಮತ್ತು 13 ಬರುತ್ತದೆ, ಕ್ರಮ ಸರಿಹೋಗುತ್ತದೆ.

ಇದನ್ನು ಓದಿ ಹಿಡಿಯುವುದು ಕಷ್ಟ, ಪರೀಕ್ಷಿಸಿ ಹಿಡಿಯುವುದು ಸುಲಭ. ಬೇಕೆಂದೇ ಒಂದು ಕೆಟ್ಟ ಪ್ರೈಮರ್ ಬರೆಯಿರಿ. ಕೊನೆಯ ನಾಲ್ಕು ಅಕ್ಷರ ಜಿ-ಎ-ಟಿ-ಸಿ ಇರಲಿ. ಈ ನಾಲ್ಕಕ್ಕೆ ತಿರುಗಿ ನಿಂತ ಅದೇ ನಾಲ್ಕು ಸರಿಯಾಗಿ ಜೋಡಿಯಾಗುತ್ತದೆ. ಅಂದರೆ ಒಂದೇ ಪ್ರೈಮರ್‌ನ ಎರಡು ಪ್ರತಿಗಳು 3 ಪ್ರೈಮ್ ತುದಿಯಲ್ಲಿ, ಅಂದರೆ ಕೊನೆಯ ತುದಿಯಲ್ಲಿ, ಕೈಹಿಡಿದುಕೊಳ್ಳುತ್ತವೆ. ನಕಲು ಮಾಡುವ ಕಿಣ್ವ ಪಾಲಿಮರೇಸ್ ಬರೆಯಲು ಶುರು ಮಾಡುವುದು ಆ ತುದಿಯಿಂದಲೇ, ಹಾಗಾಗಿ ನಡುವೆ ಆಗುವ ಜೋಡಣೆಗಿಂತ ಇದು ಜಾಸ್ತಿ ಅಪಾಯ. ಈ ಪ್ರೈಮರ್‌ನ ಸ್ಕೋರ್ ಒಳ್ಳೆಯ ಪ್ರೈಮರ್‌ಗಿಂತ ಕೆಟ್ಟದಾಗಿ ಬರದಿದ್ದರೆ ಚಿಹ್ನೆ ತಪ್ಪಿದೆ, ಇಲ್ಲವೇ ಡೈಮರ್‌ನ ತೂಕ ತೀರಾ ಕಡಿಮೆ.

ತೂಕದ ಬಗ್ಗೆ ನನ್ನ ಅಭಿಪ್ರಾಯ: 3 ಪ್ರೈಮ್ ತುದಿಯ ಡೈಮರನ್ನು ತೂಕಕ್ಕೇ ಹಾಕಬೇಡಿ. ಜಿಸಿ ಶೇಕಡಾ 52 ಇರುವುದೂ 50 ಇರುವುದೂ ಚೌಕಾಸಿ ಮಾಡುವಂಥ ವಿಷಯ. ಬಾಲಕ್ಕೆ ಬಾಲ ಅಂಟುವುದು ಹಾಗಲ್ಲ. ಅಂಥ ಜೋಡಿಯನ್ನು ನೇರವಾಗಿ ಹೊರಗೆ ಹಾಕಿ.

ಇದೇ ಸಾಲಿನಲ್ಲಿ ಇನ್ನೊಂದು ಕಿರಿಕಿರಿ. ಸೀಕ್ವೆನ್ಸ್‌ನಲ್ಲಿ (ಡಿಎನ್ಎ ಅಕ್ಷರಗಳ ಸಾಲು) ಓದಲಾಗದ ಜಾಗಕ್ಕೆ ಎನ್ ಎಂದು ಬರೆದಿರುತ್ತಾರೆ. ಅಲ್ಲಿ ಲೆಕ್ಕ ಕೆಟ್ಟು, ಸಂಖ್ಯೆಯ ಬದಲು 'ನ್ಯಾನ್' ಬರಬಹುದು. ದೊಡ್ಡದೇ, ಚಿಕ್ಕದೇ ಎಂದು ಅದನ್ನು ಯಾವುದರ ಜೊತೆ ಹೋಲಿಸಿದರೂ ಉತ್ತರ 'ಇಲ್ಲ'. ಪಟ್ಟಿಯಲ್ಲಿ ಮೊದಲಿಗಿದ್ದರೆ ಕೊನೆಯವರೆಗೂ ಅದೇ ಗೆದ್ದಂತೆ ಉಳಿದುಬಿಡುತ್ತದೆ. ಎನ್ ಇರುವ ಪ್ರೈಮರನ್ನು ಮೊದಲೇ ತಳ್ಳಿಹಾಕಿ.

ತಾಪಮಾನದ ಲೆಕ್ಕ ಎಲ್ಲಿಂದ ಬಂತು?

ಒಂದೇ ಸಲಕ್ಕೆ ಹಲವು ತಾಪಮಾನ ಕೊಡುವ ಗ್ರೇಡಿಯೆಂಟ್ ಪಿಸಿಆರ್ ಇದ್ದರೆ ಅನೀಲಿಂಗ್ (ಪ್ರೈಮರ್ ಡಿಎನ್ಎಗೆ ಅಂಟುವ ಹಂತ) 50ರಿಂದ 62 ಡಿಗ್ರಿವರೆಗೆ ಹರಡಿ ನೋಡಿ. ಪ್ರೋಗ್ರಾಂ ಹೇಳಿದ ತಾಪಮಾನದಲ್ಲಿ ಖಾಲಿ, ಏಳೆಂಟು ಡಿಗ್ರಿ ಕೆಳಗೆ ಬ್ಯಾಂಡ್ ಬಂದರೆ ಪ್ರೈಮರ್ ಚೆನ್ನಾಗಿಯೇ ಇದೆ, ಲೆಕ್ಕದ ಸೂತ್ರ ಸರಿಯಿಲ್ಲ.

ಎ, ಟಿಗೆ ಎರಡೆರಡು ಡಿಗ್ರಿ, ಜಿ, ಸಿಗೆ ನಾಲ್ಕು ನಾಲ್ಕು ಡಿಗ್ರಿ ಎನ್ನುವ ವ್ಯಾಲೇಸ್ ನಿಯಮ ಎಲ್ಲರಿಗೂ ಬಾಯಿಪಾಠ. ಕೋಡ್ ಬರೆಯಲೂ ಸುಲಭ. ಆದರೆ ಅದು ಚಿಕ್ಕ ತುಣುಕಿಗೆ ಮಾಡಿದ್ದು. 25 ಅಕ್ಷರ, ಅದರಲ್ಲಿ ಜಿ-ಸಿ 12 ಇರುವ ಪ್ರೈಮರ್‌ಗೆ ಅದು 74 ಡಿಗ್ರಿ ಹೇಳುತ್ತದೆ. ಉದ್ದವನ್ನೂ ಗಮನಿಸುವ ಇನ್ನೊಂದು ಸರಳ ಸೂತ್ರ ಇದೆ: ಜಿ-ಸಿ ಎಣಿಕೆಯಿಂದ 16.4 ಕಳೆದು, 41ರಿಂದ ಗುಣಿಸಿ, ಉದ್ದದಿಂದ ಭಾಗಿಸಿ, 64.9 ಕೂಡಿಸಬೇಕು. ಅದರಲ್ಲಿ ಅದೇ ಪ್ರೈಮರ್‌ಗೆ 57.7 ಬರುತ್ತದೆ. 16 ಡಿಗ್ರಿ ಅಂತರ! ಇನ್ನೂ ಕೆಟ್ಟದ್ದು ಅಂದರೆ ಈ ಅಂತರ ಎಲ್ಲಾ ಪ್ರೈಮರ್‌ಗೂ ಒಂದೇ ಅಲ್ಲ. 20 ಅಕ್ಷರ, ಜಿ-ಸಿ 10 ಇದ್ದರೆ 60 ಮತ್ತು 51.8, ಅಂದರೆ ಎಂಟು ಡಿಗ್ರಿ ಮಾತ್ರ. ಹಾಗಾಗಿ ಒಂದು ಉದ್ದ, ಒಂದು ಗಿಡ್ಡ ಪ್ರೈಮರ್ ಇರುವ ಜೋಡಿಯಲ್ಲಿ ಎರಡರ ತಾಪಮಾನವೂ ಸಮ ಎಂದು ಪ್ರೋಗ್ರಾಂ ಹೇಳಿದ್ದೇ ಸುಳ್ಳಾಗಬಹುದು.

ಅಕ್ಕಪಕ್ಕದ ಅಕ್ಷರಗಳ ಜೋಡಿಯನ್ನು ನೋಡಿ ಲೆಕ್ಕ ಹಾಕುವ ವಿಧಾನವೇ ಸರಿ. ಅದಕ್ಕೆ ಸಾಂಟಾಲೂಸಿಯಾ 1998ರಲ್ಲಿ ಒಟ್ಟುಗೂಡಿಸಿದ ಮೌಲ್ಯಗಳನ್ನು ಬಳಸಿ. ಪ್ರೈಮರ್3 ಎಂಬ ಡಿಸೈನ್ ಪ್ರೋಗ್ರಾಂನಲ್ಲೂ ಆ ಮೌಲ್ಯಗಳನ್ನು ಆರಿಸಿಕೊಳ್ಳಬಹುದು. ಅಲ್ಲಿ ಉಪ್ಪು, ಮೆಗ್ನೀಷಿಯಂ, ಪ್ರೈಮರ್ ಪ್ರಮಾಣ ಕೇಳುತ್ತದೆ. ಮೊದಲು ಬರೆದಿಟ್ಟ 0.2 ಮೈಕ್ರೊಮೋಲಾರ್ ಇಲ್ಲಿಗೇ. ಪ್ರೈಮರ್ ಪ್ರಮಾಣ ಹತ್ತು ಪಟ್ಟು ಹೆಚ್ಚಾದರೆ ತಾಪಮಾನ ಸುಮಾರು 3 ಡಿಗ್ರಿ ಏರುತ್ತದೆ. ಟ್ಯೂಬಿನಲ್ಲಿ ಒಂದು, ಕೋಡಿನಲ್ಲಿ ಒಂದು ಇರಬಾರದು.

ಒಂದು ತೋಟದ ಎಲೆಗೆ ಬರುತ್ತದೆ, ಪಕ್ಕದ ತೋಟದ್ದಕ್ಕೆ ಇಲ್ಲ

ಇದರಲ್ಲಿ ಅಲ್ಗಾರಿದಮ್‌ಗೆ ಕೊಟ್ಟ ಸೀಕ್ವೆನ್ಸ್ ನೋಡಿ. ಒಂದೇ ಒಂದು ಫೈಲ್ ಇಟ್ಟುಕೊಂಡು ಡಿಸೈನ್ ಮಾಡಿದ್ದರೆ ಹೀಗಾಗುವುದು ಸಹಜ. ಬೆಗೊಮೊವೈರಸ್‌ಗಳಲ್ಲಿ ಡಿಎನ್ಎ-ಎ ಶೇಕಡಾ 91ರಷ್ಟು ಹೊಂದಿದರೆ ಒಂದೇ ಜಾತಿ ಎಂದು ಲೆಕ್ಕ. ಅಂದರೆ ಒಂದೇ ಹೆಸರಿನ ಎರಡು ವೈರಸ್‌ಗಳು ಶೇಕಡಾ 9ರಷ್ಟು ಬೇರೆ ಇರಬಹುದು. 20 ಅಕ್ಷರದ ಪ್ರೈಮರ್‌ನಲ್ಲಿ ಸರಾಸರಿ ಎರಡು ಅಕ್ಷರ ಹೊಂದದೆ ಹೋಗಬಹುದು. ಅದು 5 ಪ್ರೈಮ್ ಕಡೆ, ಅಂದರೆ ಶುರುವಿನ ಕಡೆ, ಬಿದ್ದರೆ ಕೆಲಸ ಸಾಗುತ್ತದೆ. ಕೊನೆಯ ಅಕ್ಷರದಲ್ಲಿ ಬಿದ್ದರೆ ಪಾಲಿಮರೇಸ್ ಹೆಜ್ಜೆ ಮುಂದಿಡುವುದು ಕಷ್ಟ.

ದಕ್ಷಿಣದ ತೋಟಗಳಿಗೆ ಟೊಮೆಟೊ ಎಲೆ ಮುದುಡು ಬೆಂಗಳೂರು ವೈರಸ್ ಜೊತೆ ನ್ಯೂಡೆಲ್ಲಿ ವೈರಸ್‌ನ ಸೀಕ್ವೆನ್ಸ್‌ಗಳನ್ನೂ ಸೇರಿಸಿ ಅಲೈನ್ ಮಾಡಿ (ಅಕ್ಷರಕ್ಕೆ ಅಕ್ಷರ ಹೊಂದಿಸಿಡಿ). ಫಿಟ್‌ನೆಸ್‌ಗೆ ಒಂದು ಅಂಶ ಸೇರಿಸಿ: ಕೊನೆಯ ಐದು ಅಕ್ಷರದಲ್ಲಿ ಯಾವ ಸೀಕ್ವೆನ್ಸ್ ಜೊತೆ ವ್ಯತ್ಯಾಸ ಇದ್ದರೂ ದೊಡ್ಡ ದಂಡ, ಉಳಿದ ಕಡೆ ಚಿಕ್ಕ ದಂಡ. ಡಿಜೆನರೇಟ್ ಅಕ್ಷರ ಹಾಕಿಯೂ ಸರಿ ಮಾಡಬಹುದು, ಆದರೆ ಮೂರು ಜಾಗದಲ್ಲಿ ಎರಡೆರಡು ಅಕ್ಷರ ಇಟ್ಟರೆ ಟ್ಯೂಬಿನಲ್ಲಿ ಎಂಟು ಬೇರೆ ಪ್ರೈಮರ್ ಇದ್ದಂತೆ. ನಿಮಗೆ ಬೇಕಾದ್ದು ಎಂಟರಲ್ಲಿ ಒಂದು ಪಾಲು ಮಾತ್ರ.

ಬೇಡದ ಉದ್ದದ ಬ್ಯಾಂಡ್‌ಗಳು ಬಂದರೆ ಗಿಡದ ಡಿಎನ್ಎ ಮೇಲೆ ಅನುಮಾನ ಪಡಿ. ಟೊಮೆಟೊ ಜೀನೋಮ್ ಸುಮಾರು 90 ಕೋಟಿ ಅಕ್ಷರ. ಪ್ರೈಮರ್‌ನ ಕೊನೆಯ 8 ಅಕ್ಷರ ಆಕಸ್ಮಿಕವಾಗಿಯೇ ಒಂದು ಎಳೆಯಲ್ಲಿ 13,700 ಕಡೆ ಹೊಂದುತ್ತದೆ, ಕೊನೆಯ 12 ಅಕ್ಷರ ಸುಮಾರು 54 ಕಡೆ. ವೈರಸ್ ಫೈಲ್ ಒಂದನ್ನೇ ನೋಡುವ ಅಲ್ಗಾರಿದಮ್‌ಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಪ್ರತಿ ಪೀಳಿಗೆಗೂ ಬ್ಲಾಸ್ಟ್ (ದೊಡ್ಡ ಜೀನೋಮ್‌ನಲ್ಲಿ ಹೊಂದುವ ಜಾಗ ಹುಡುಕುವ ಪ್ರೋಗ್ರಾಂ) ಓಡಿಸಲು ಹೋಗಬೇಡಿ, ಕಂಪ್ಯೂಟರ್ ಉಸಿರುಗಟ್ಟುತ್ತದೆ. ಕೊನೆಗೆ ಉಳಿದ ಇಪ್ಪತ್ತು ಮೂವತ್ತು ಜೋಡಿಗೆ ಮಾತ್ರ ಮಾಡಿ.

ಕೊನೆಗೆ ಹುಡುಕಾಟ

ಲೆಕ್ಕ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಇದಕ್ಕೆ ಬನ್ನಿ. ರ‍್ಯಾಂಡಮ್ ಸೀಡ್ (ಪ್ರೋಗ್ರಾಂನ ಆಕಸ್ಮಿಕ ಆಯ್ಕೆಗಳು ಶುರುವಾಗುವ ಸಂಖ್ಯೆ) ಬದಲಿಸುತ್ತಾ ಕೆಲವು ಸಲ ಓಡಿಸಿ. ಪ್ರತಿ ಸಲ ಬೇರೆ ಜೋಡಿ, ಬೇರೆ ಸ್ಕೋರ್ ಬಂದರೆ ಹುಡುಕಾಟ ಅರ್ಧಕ್ಕೆ ನಿಲ್ಲುತ್ತಿದೆ. ಪೀಳಿಗೆಯಲ್ಲಿ ಎಷ್ಟು ಬೇರೆ ಬೇರೆ ಜೋಡಿ ಉಳಿದಿವೆ ಎಂದು ಎಣಿಸಿ. ಹತ್ತು ಹದಿನೈದು ಪೀಳಿಗೆಗೇ ಎಲ್ಲಾ ಒಂದೇ ಆಗಿಬಿಟ್ಟಿದ್ದರೆ ಆಯ್ಕೆಯ ಒತ್ತಡ ಜಾಸ್ತಿ. ಟೂರ್ನಮೆಂಟ್ ಗಾತ್ರ (ಒಂದು ಸಲಕ್ಕೆ ಪೈಪೋಟಿಗೆ ಇಳಿಯುವ ಜೋಡಿಗಳ ಸಂಖ್ಯೆ) ಇಳಿಸಿ, ನಕಲುಗಳನ್ನು ತೆಗೆದುಹಾಕಿ, ಮ್ಯುಟೇಶನ್ (ಅಲ್ಲಲ್ಲಿ ಮಾಡುವ ಬದಲಾವಣೆ) ಸ್ವಲ್ಪ ಏರಿಸಿ.

ಎರಡು ಜೋಡಿ ಬೆರೆಸಿ ಹೊಸದು ಮಾಡುವ ಕ್ರಾಸ್‌ಓವರ್‌ನಲ್ಲಿ ಒಂದು ಸೂಕ್ಷ್ಮ ಇದೆ. ಬಹಳ ಜನ ಪ್ರೈಮರ್ ಜೋಡಿಯನ್ನು ನಾಲ್ಕು ಸಂಖ್ಯೆಯಲ್ಲಿ ಬರೆಯುತ್ತಾರೆ: ಮುಮ್ಮುಖ ಪ್ರೈಮರ್ ಶುರುವಾಗುವ ಜಾಗ, ಅದರ ಉದ್ದ, ತುಣುಕಿನ ಉದ್ದ, ಹಿಮ್ಮುಖ ಪ್ರೈಮರ್ ಉದ್ದ. ಅಪ್ಪನಿಂದ ಶುರುವಿನ ಜಾಗ, ಅಮ್ಮನಿಂದ ತುಣುಕಿನ ಉದ್ದ ಬಂತು ಅನ್ನಿ. ಅಪ್ಪ 300, 500 ಅಂದರೆ ಅವನ ಹಿಮ್ಮುಖ ಪ್ರೈಮರ್ 800ರಲ್ಲಿ ಮುಗಿಯುತ್ತದೆ. ಅಮ್ಮ 900, 350 ಅಂದರೆ 1,250ರಲ್ಲಿ. ಮಗುವಿನದು 300ಕ್ಕೆ 350 ಕೂಡಿ 650ರಲ್ಲಿ! ಇಬ್ಬರಲ್ಲೂ ಇಲ್ಲದ ಜಾಗ. ಒಳ್ಳೆಯ ಹಿಮ್ಮುಖ ಪ್ರೈಮರ್ ಮುಂದಿನ ಪೀಳಿಗೆಗೆ ಹೋಗುವುದೇ ಇಲ್ಲ. ತುಣುಕಿನ ಉದ್ದದ ಬದಲು ಹಿಮ್ಮುಖ ಪ್ರೈಮರ್‌ನ ಜಾಗವನ್ನೇ ಬರೆದು, ಉದ್ದ ಹೆಚ್ಚು ಕಡಿಮೆಯಾದರೆ ದಂಡ ಹಾಕಿ. ಮ್ಯುಟೇಶನ್‌ನಲ್ಲೂ ಹೆಚ್ಚು ಸಲ ಒಂದೆರಡು ಅಕ್ಷರ ಆಚೀಚೆ ಸರಿಸಿ, ಆಗೊಮ್ಮೆ ಈಗೊಮ್ಮೆ ಮಾತ್ರ ದೂರ ಹಾರಿಸಿ.

ಇಷ್ಟು ಚಿಕ್ಕ ವೈರಸ್‌ಗೆ ಜೆನೆಟಿಕ್ ಅಲ್ಗಾರಿದಮ್ ಬೇಕೇ ಎಂದು ಯಾರಾದರೂ ಕೇಳಿದರೆ, ಒಂದು ಜೋಡಿಗೆ ಬೇಡ. 2,700 ಜಾಗ, 18ರಿಂದ 25ರವರೆಗೆ ಎಂಟು ಉದ್ದ, ಎರಡು ದಿಕ್ಕು: ಒಟ್ಟು 43,200 ಪ್ರೈಮರ್. ಎಲ್ಲಕ್ಕೂ ಸ್ಕೋರ್ ಹಾಕಿ, ಪಾಸಾದವನ್ನಷ್ಟೇ ಜೋಡಿ ಮಾಡಿ. ಮಾಮೂಲಿ ಲ್ಯಾಪ್‌ಟಾಪ್ ಮಾಡುತ್ತದೆ. ಅಲ್ಗಾರಿದಮ್ ಬಳಸುವವರೂ ಈ ಪೂರ್ತಿ ಹುಡುಕಾಟವನ್ನು ಒಮ್ಮೆ ಮಾಡಲೇಬೇಕು, ಏಕೆಂದರೆ ಅಲ್ಗಾರಿದಮ್‌ನ ಗೆಲುವು ನಿಜವಾದ ಗೆಲುವೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಅಲ್ಗಾರಿದಮ್ ನಿಜವಾಗಿ ಬೇಕಾಗುವುದು ಒಂದೇ ಟ್ಯೂಬಿನಲ್ಲಿ ಹಲವು ರೋಗ ಹಿಡಿಯುವ ಮಲ್ಟಿಪ್ಲೆಕ್ಸ್‌ಗೆ. ಹತ್ತು ಗುರಿ, ಒಂದೊಂದಕ್ಕೆ 50 ಜೋಡಿ ಆಯ್ಕೆ ಇದ್ದರೆ ಹತ್ತು 50ಗಳನ್ನು ಒಂದಕ್ಕೊಂದು ಗುಣಿಸಿದಷ್ಟು ಸಾಧ್ಯತೆ. ಎಲ್ಲವನ್ನೂ ನೋಡಲು ಆಗುವುದಿಲ್ಲ. ಅಲ್ಲಿ ಬರುವ ದೋಷವೂ ಬೇರೆ. 20 ಪ್ರೈಮರ್‌ಗಳಲ್ಲಿ ತಮ್ಮ ತಮ್ಮಲ್ಲೇ ಅಂಟುವುದೂ ಸೇರಿ 210 ಡೈಮರ್ ಸಾಧ್ಯತೆ ಇದೆ. ಅವುಗಳ ಸರಾಸರಿ ತೆಗೆದರೆ ಒಂದು ಭಯಂಕರ ಡೈಮರ್ ಉಳಿದ 209ರ ನಡುವೆ ಅಡಗಿಕೊಳ್ಳುತ್ತದೆ. ಸರಾಸರಿ ಬಿಟ್ಟು ಅತಿ ಕೆಟ್ಟದ್ದನ್ನೇ ಸ್ಕೋರ್ ಮಾಡಿ.

ಟ್ಯೂಬ್ ಈಗಾಗಲೇ ಕೈಲಿದ್ದರೆ ಐದು ಜೋಡಿ ಒಂದು ಕಡೆ, ಐದು ಇನ್ನೊಂದು ಕಡೆ ಹಾಕಿ ನೋಡಿ. ಯಾವ ಕಡೆ ಕೆಟ್ಟಿತೋ ಅದನ್ನು ಮತ್ತೆ ಒಡೆಯಿರಿ. ಎರಡೂ ಕಡೆ ಚೆನ್ನಾಗಿ ಬಂದರೆ ಜಗಳ ಈ ಗುಂಪಿನ ಒಂದಕ್ಕೂ ಆ ಗುಂಪಿನ ಒಂದಕ್ಕೂ ನಡುವೆ ಇದೆ. ಆಗ ಒಂದೊಂದೇ ಜೋಡಿಯನ್ನು ಆಚೆಯಿಂದ ಈಚೆಗೆ ತಂದು ನೋಡಬೇಕು. ತಪ್ಪಿತಸ್ಥ ಜೋಡಿ ಸಿಕ್ಕ ಮೇಲೆ ಉಳಿದ 18 ಪ್ರೈಮರ್‌ಗಳನ್ನು ಕೋಡಿನಲ್ಲಿ ಬದಲಾಗದಂತೆ ಬಿಗಿ ಮಾಡಿ, ಆ ಎರಡಕ್ಕೆ ಮಾತ್ರ ಅಲ್ಗಾರಿದಮ್ ಓಡಿಸಿ. ಹೊಸದಾಗಿ ತರಿಸಬೇಕಾದ್ದು ಎರಡೇ ಟ್ಯೂಬ್.